ಹೆಂಡತಿಗೆ ಕಲಿಸಿದ ಏಕಾಗ್ರತೆ

ಜಗತ್ತಿನಲ್ಲಿ ಏನೂ ಗೊತ್ತಿಲ್ಲದವರಿಂದ ಯಾರಿಗೂ ಅಂಥ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಎಲ್ಲ ಗೊತ್ತಿರುವವರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಅಪಾಯವೇನಿದ್ದರೂ ಎರಡು ದಿನದ ತರಬೇತಿಗೆ ಹೋಗಿ ಬಂದವರಿಂದ. ಇಷ್ಟು ಧೈರ್ಯವಾಗಿ ಹೇಳಲು ಕಾರಣ, ನಾನೇ ಅಂಥ ಎರಡು ದಿನದ ತರಬೇತಿಗೆ ಹೋಗಿ ಬಂದವನು. ಬಂದು ನನ್ನ ಹೆಂಡತಿಗೆ ಮಾಡಿದ ಉಪಕಾರವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಯಾರ ಮುಂದೆಯೂ ಹೇಳಿಕೊಂಡಿಲ್ಲ. ನಿಮ್ಮ ಮುಂದೆ ಹೇಳಿ ಹಗುರಾಗೋಣ ಅಂತ ಕೂತಿದ್ದೇನೆ. ಹಗುರಾಗುತ್ತೇನೆ ಎಂಬ ಭರವಸೆಯೇನೂ ಇಲ್ಲ.

ಆಗ ನಾವು ಹೈದರಾಬಾದಿನ ತಾರ್ನಾಕದಲ್ಲಿದ್ದೆವು. ದಿಲ್‌ಸುಖ್‌ನಗರದಲ್ಲಿ ಕಂಬ ಕಂಬಕ್ಕೂ ಕಂಪ್ಯೂಟರ್ ಕೋರ್ಸಿನ ಬೋರ್ಡು ನೇತಾಡುತ್ತಿದ್ದ ಕಾಲ. ಮೂರು ತಿಂಗಳ ಕೋರ್ಸು ಮುಗಿಸಿದ ಹುಡುಗರು ಟೈ ಕಟ್ಟಿಕೊಂಡು ಸಿಟಿ ಬಸ್ಸಿನ ಬಾಗಿಲಿಗೆ ಜೋತುಬೀಳುತ್ತಿದ್ದರು. ನಾನು ದಾವಣಗೆರೆಯವನು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಮದುವೆಯಾದ ಹೊಸದರಲ್ಲಿ ಇದನ್ನು ಹೆಂಡತಿ ಕಸ್ತೂರಿಗೆ ವಿವರಿಸಿದಾಗ ಅವಳು, "ಅದಕ್ಕೂ ಪಗಾರ ಕೊಡ್ತಾರೇನ್ರಿ?" ಎಂದು ನಿಜವಾಗಿಯೂ ಬೆರಗಾಗಿ ಕೇಳಿದ್ದಳು. ಅವಳು ಗದಗಿನವಳು. ಅದೇ ಕೆಲಸವನ್ನು ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಸ್ತೂರಿಗೆ ಕೈ ಓಡಬೇಕಾದರೆ ಬಾಯಿಯೂ ಓಡಬೇಕು. ರೊಟ್ಟಿ ಬಡಿಯುವಾಗ ಏಟಿಗೊಂದು ಮಾತು. "ಹಸೀ ಟವಲ್ ಹಾಸಿಗಿ ಮ್ಯಾಲೆ ಒಗೀತಾರ." ಟಪ್. "ಗ್ಯಾಸ್ ಬುಕ್ ಮಾಡ್ರಿ ಅಂದ್ರ ನಾಳಿ ಅಂತಾರ." ಟಪ್. "ನಾಳಿ ಅನ್ನೂದು ಇವರಪ್ಪ ಬಿಟ್ಟು ಹೋದ ಆಸ್ತಿ ಐತಿ." ಟಪ್, ಟಪ್. ಇದು ಜಗಳವಲ್ಲ, ಸಿಟ್ಟೂ ಅಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತರೆ ನಗುತ್ತಲೇ "ಚಾ ಬೇಕೇನ್ರಿ?" ಎನ್ನುತ್ತಿದ್ದಳು. ರೊಟ್ಟಿಯಂತೂ ಅಂಚು ಎಲ್ಲೂ ಹರಿಯದೆ, ಕಾಗದದಷ್ಟು ತೆಳ್ಳಗೆ ಬರುತ್ತಿತ್ತು. ನಾನು ಅದನ್ನು ತಿನ್ನುತ್ತಿದ್ದೆ, ಟವಲನ್ನು ಮತ್ತೆ ಹಾಸಿಗೆಯ ಮೇಲೆ ಒಗೆಯುತ್ತಿದ್ದೆ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇದೇ ಅಭ್ಯಾಸ ಅವಳ ಆಟದಲ್ಲೂ ಇತ್ತು. ಆಟವೆಂದರೆ ರಿಂಗ್. ನಮ್ಮ ಕಡೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ: ನಡುವೆ ನೆಟ್ ಕಟ್ಟಿ ರಬ್ಬರ್ ರಿಂಗನ್ನು ಅತ್ತಿಂದಿತ್ತ ಎಸೆಯುವುದು, ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿದು ಹಿಡಿದಲ್ಲಿಂದಲೇ ವಾಪಸು ಎಸೆಯುವುದು, ನೆಲಕ್ಕೆ ಬಿಟ್ಟರೆ ಎದುರಿನವರಿಗೊಂದು ಪಾಯಿಂಟು. ಕಸ್ತೂರಿ ಕಾಲೇಜಿನಲ್ಲಿದ್ದಾಗ ಇದರಲ್ಲಿ ಯೂನಿವರ್ಸಿಟಿ ಫೈನಲ್ ತನಕ ಹೋಗಿದ್ದಳು. ಫೈನಲ್ ಮಾತ್ರ ಆಡಲಿಲ್ಲ. ಅದೇ ಭಾನುವಾರ ದಾವಣಗೆರೆಯಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು, ಅವಳಪ್ಪ ಆಟಕ್ಕೆ ಕಳಿಸಲಿಲ್ಲ. ಆ ಗಂಡು ನಾನು. ಉಪ್ಪಿಟ್ಟಿನ ತಟ್ಟೆ ತಂದಿಟ್ಟ ಹುಡುಗಿ ಮುಖ ಗಂಟಿಕ್ಕಿಕೊಂಡು, ತಲೆ ತಗ್ಗಿಸಿ ಏನೋ ಗೊಣಗಿದಳು. "ಎಷ್ಟು ನಾಚಿಕೆ ನೋಡು" ಎಂದು ನಮ್ಮಮ್ಮ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ, ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡೆ. ಫೈನಲ್ಲಿನ ವಿಷಯ ಗೊತ್ತಾದದ್ದು ಮದುವೆಯಾಗಿ ಎರಡು ವರ್ಷದ ಮೇಲೆ, ಅದೂ ರೊಟ್ಟಿ ಬಡಿಯುವಾಗ.

ನಮ್ಮ ಕನ್ನಡ ಸಂಘ ವರ್ಷಕ್ಕೊಮ್ಮೆ ರಾಜ್ಯೋತ್ಸವದ ಹೊತ್ತಿಗೆ ಆಟದ ಸ್ಪರ್ಧೆ ಇಡುತ್ತಿತ್ತು. ಹೆಂಗಸರ ರಿಂಗಿನಲ್ಲಿ ಪ್ರತಿ ಸಲ ಗೆಲ್ಲುತ್ತಿದ್ದವರು ಕೂಕಟ್‌ಪಲ್ಲಿಯ ವಿಮಲಕ್ಕ, ಉಡುಪಿ ಕಡೆಯವರು, ಶಾಲೆಯಲ್ಲಿ ಆಟದ ಟೀಚರು. ಆ ವರ್ಷ ಕಸ್ತೂರಿಯೂ ಹೆಸರು ಕೊಟ್ಟಳು. ಕೊಟ್ಟು ಬಂದವಳು ನನ್ನೆದುರು ಕೂತು, "ಈ ಸಲ ಫೈನಲ್ ಆಡಬೇಕ್ರಿ. ಆಡಿ ಗೆಲ್ಲಬೇಕು. ಒಂದ ಸಲ ಸಾಕು" ಎಂದಳು. ಗ್ಯಾಸ್ ಬುಕ್ ಮಾಡಿ ಅನ್ನುವುದು ಬಿಟ್ಟರೆ ನನ್ನಿಂದ ಏನನ್ನೂ ಕೇಳದವಳು. ನನ್ನಿಂದಲೇ ತಪ್ಪಿಹೋದ ಫೈನಲ್ಲು. ಹೇಗಾದರೂ ಮಾಡಿ ಗೆಲ್ಲಿಸಲೇಬೇಕು ಅಂತ ಮನಸ್ಸಿನಲ್ಲೇ ಆಣೆ ಮಾಡಿದೆ. ಇಲ್ಲಿಯ ತನಕ ನನ್ನ ತಪ್ಪೇನೂ ಇಲ್ಲ, ನೀವೇ ನೋಡಿ.

ಮರುದಿನ ಬೆಳಿಗ್ಗೆ ಮನೆಯ ಹತ್ತಿರದ ಯೂನಿವರ್ಸಿಟಿ ಬಯಲಿನಲ್ಲಿ ಎರಡು ಬೇವಿನ ಮರಕ್ಕೆ ನೆಟ್ ಕಟ್ಟಿ ಅಭ್ಯಾಸ ಶುರುವಾಯಿತು. ಪಕ್ಕದ ಓಣಿಯಲ್ಲಿದ್ದ ಸಂಘದ ಕಾರ್ಯದರ್ಶಿ ಕುಲಕರ್ಣಿಯವರ ಹೆಂಡತಿ ಎದುರಾಳಿ. ಕುಲಕರ್ಣಿಯವರು ವಾಕಿಂಗ್ ನಿಲ್ಲಿಸಿ ನೋಡುತ್ತ ನಿಂತರು. ಕಸ್ತೂರಿ ರಿಂಗನ್ನೇ ಬೈಯುತ್ತ ಶುರುಮಾಡಿದಳು. "ಬಾ, ಬಾ, ಎಲ್ಲಿ ಹೊಂಟಿ? ಸಿಕ್ಕಿ ನೋಡು ಕೈಯಾಗ." ಆಟ ಬಿರುಸಾದಂತೆ ಬೈಗುಳದಲ್ಲಿ ರಿಂಗು ಹೋಗಿ ನಾನು ಬಂದೆ. "ಹಸೀ ಟವಲ್!" ಎಂದು ಎಸೆದದ್ದು ಗೆರೆಯ ಮೇಲೆ ಬಿತ್ತು. "ನಾಳಿ ಅಂತ, ನಾಳಿ!" ಎಂದು ಎಸೆದದ್ದು ಕುಲಕರ್ಣಿಯವರ ಹೆಂಡತಿಯ ಕೈಗೆ ಸಿಗಲೇ ಇಲ್ಲ. ಕುಲಕರ್ಣಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನ್ರೀ, ಟವಲ್ ಒಗ್ಯೂದು ಇನ್ನೂ ಬಿಟ್ಟಿಲ್ಲೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಫೈನಲ್ ದಿನದ ಮೈದಾನ ಕಣ್ಣಮುಂದೆ ಬಂತು. ಇಡೀ ಸಂಘ ಕುರ್ಚಿ ಹಾಕಿಕೊಂಡು ಕೂತಿರುತ್ತದೆ, ನನ್ನ ಟವಲು ಎಲ್ಲರ ಕಿವಿಗೆ ಬೀಳುತ್ತದೆ.

ಸರಿಯಾಗಿ ಆ ಹೊತ್ತಿಗೇ ನಮ್ಮ ಕಂಪನಿಯವರು ಕ್ರಿಕೆಟ್ ತಂಡಕ್ಕೆ ಮಾನಸಿಕ ತರಬೇತಿ ಇಟ್ಟರು. ನಾನು ಹನ್ನೆರಡನೆಯ ಆಟಗಾರ, ಎಂದರೆ ನೀರು ಕೊಡುವವನು. ನೀರು ಕೊಡುವವನ ಮನಸ್ಸೂ ಗಟ್ಟಿಯಾಗಲಿ ಅಂತ ನನ್ನನ್ನೂ ಕೂರಿಸಿದರು. ತರಬೇತಿ ಕೊಟ್ಟವರು ತಣ್ಣನೆಯ ದನಿಯ ಒಳ್ಳೆಯ ಮನುಷ್ಯ. ಹೋದ ಚೆಂಡನ್ನು ಮರೆಯಿರಿ, ಬರುವ ಚೆಂಡಿಗೆ ಹೆದರಬೇಡಿ, ಉಸಿರನ್ನು ಗಮನಿಸಿ, ಮನಸ್ಸಿನ ವಟವಟ ತಾನಾಗಿ ತಣ್ಣಗಾಗುತ್ತದೆ ಎಂದರು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಇದನ್ನು ಐದು ನಿಮಿಷ ಪೂರ್ತಿ ಮನಸ್ಸಿಟ್ಟು ತಿನ್ನಬೇಕು ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ನುಂಗಿಯಾಗಿತ್ತು. ಇನ್ನೊಂದು ಕೇಳಿ ಪಡೆದೆ. ಅದೂ ಪಕ್ಕದವನ ಜೊತೆ ಮಾತಾಡುವಾಗ ಹೊರಟುಹೋಯಿತು. ಮೂರನೆಯದನ್ನು ಕೊಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಬಿರಿಯಾನಿ ಉಂಡ ಮೇಲೆ ಅವರು ಇನ್ನೊಂದು ಮಾತು ಹೇಳಿದರಂತೆ: ಒಬ್ಬೊಬ್ಬರ ಏಕಾಗ್ರತೆಗೆ ಒಂದೊಂದು ದಾರಿ, ಯಾರದ್ದು ಯಾವುದೆಂದು ತಿಳಿಯದೆ ಮುಟ್ಟಬೇಡಿ ಅಂತ. ಇದು ನನಗೆ ಆಮೇಲೆ ಗೆಳೆಯರಿಂದ ತಿಳಿಯಿತು. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿದ್ದೆ, ಆದರೆ ಅದು ಧ್ಯಾನವಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಒಂದು ಸೀಟಿ ಕೊಂಡುಕೊಂಡೆ. ಮರುದಿನದಿಂದ ಬೇವಿನ ಮರದ ಬುಡದಲ್ಲಿ ಚಾಪೆ ಹಾಸಿ ಕೂತೆ. ಕಸ್ತೂರಿ ಬಾಯಿ ತೆರೆದಳೋ, ಪೀ ಎಂದು ಸೀಟಿ. "ಮನಸ್ಸು ಮಾತಾಡ್ತಿದೆ!" ಎಂದು ಕೂಗುತ್ತಿದ್ದೆ. "ಮನಸ್ಸಲ್ರಿ, ನಾ ಮಾತಾಡಾಕತ್ತೀನಿ" ಎಂದಳು. "ಅದನ್ನೇ ಬಿಡಬೇಕಾದ್ದು. ಉಸಿರು ನೋಡು." "ಉಸಿರು ನೋಡಿದ್ರ ರಿಂಗ್ ಯಾರು ನೋಡ್ತಾರ್ರಿ?" ಎಂದು ಕೇಳಿದಳು. ಎಂಥ ಪ್ರಶ್ನೆ! ಇನ್ನೂ ಜೋರಾಗಿ ಸೀಟಿ ಊದಿದೆ. ಮೈದಾನದಲ್ಲಿ ಸೀಟಿ ಊದುವ ಹಾಗಿಲ್ಲವಾದ್ದರಿಂದ ಒಂದು ಸನ್ನೆ ಗೊತ್ತುಮಾಡಿಕೊಂಡೆವು: ನಾನು ತುಟಿಯ ಮೇಲೆ ಬೆರಳಿಟ್ಟರೆ ಅವಳು ಬಾಯಿ ಮುಚ್ಚಬೇಕು. ಒಂದು ದಿನ, ಕಣ್ಣು ಮುಚ್ಚಿ ರಿಂಗ್ ಬರುವುದನ್ನು ಮನಸ್ಸಿನಲ್ಲೇ ಕಾಣುವುದು ಹೇಗೆಂದು ತೋರಿಸಿಕೊಡಲು ಹೋದೆ. ಎಚ್ಚರವಾದಾಗ ವಾಕಿಂಗಿಗೆ ಬಂದ ಹಿರಿಯರೊಬ್ಬರು ಬಗ್ಗಿ, "ಏಮಯ್ಯಾ, ಬಾಗುನ್ನಾವಾ?" ಎಂದು ಕೇಳುತ್ತಿದ್ದರು, ಏನಯ್ಯಾ, ಚೆನ್ನಾಗಿದ್ದೀಯಾ ಅಂತ. ಕಸ್ತೂರಿ ನೆಟ್ ಬಿಚ್ಚಿಕೊಂಡು ಮನೆಗೆ ಹೋಗಿ ರೊಟ್ಟಿಯನ್ನೂ ಮುಗಿಸಿದ್ದಳು.

ನಗು ಬರುತ್ತದೆ ಅಲ್ಲವೇ? ಇನ್ನು ಮುಂದಿನದು ಹೇಳುವುದೇ ಕಷ್ಟ. ಅವಳು ನನ್ನ ಮಾತು ಕೇಳಿದಳು. ಗೆಲ್ಲಬೇಕಿತ್ತಲ್ಲ, ಪೂರ್ತಿ ನಂಬಿ ಕೇಳಿದಳು. ಅಭ್ಯಾಸ ಕೆಡಬಾರದೆಂದು ಮನೆಯಲ್ಲೂ ಬಾಯಿಗೆ ಬೀಗ ಹಾಕಿಕೊಂಡಳು. ರೊಟ್ಟಿ ಬಡಿಯುವ ಸದ್ದು ಮಾತ್ರ, ಟಪ್, ಟಪ್. ಮೂರು ವಾರ ಟವಲಿನ ಸುದ್ದಿಯಿಲ್ಲ, ಗ್ಯಾಸಿನ ಸುದ್ದಿಯಿಲ್ಲ. ರೊಟ್ಟಿ ದಪ್ಪಗಾಯಿತು, ಅಂಚು ಹರಿಯತೊಡಗಿತು. ಬೆಳಿಗ್ಗೆ ಅಭ್ಯಾಸದಲ್ಲಿ ಎರಡು ರಿಂಗಿಗೆ ಒಂದು ಕೈ ತಪ್ಪುತ್ತಿತ್ತು. ದಿನವಿಡೀ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಇದು ನನಗೆ ಕಾಣಲಿಲ್ಲವೆಂದರೆ ನೀವು ನಂಬಬೇಡಿ. ಕಂಡಿತ್ತು. ಆದರೆ ಪೇಪರ್ ಓದುತ್ತ ಚಹಾ ಕುಡಿಯುವಾಗ ಮನೆ ಎಷ್ಟು ಹಾಯಾಗಿತ್ತು ಅಂತೀರಿ! ಈ ಹಾಯಿಗೇ ಏಕಾಗ್ರತೆ ಎಂದು ಹೆಸರಿಟ್ಟುಕೊಂಡೆ.

ಫೈನಲ್ಲಿಗೆ ನಾನು ಅಂದುಕೊಂಡಂತೆಯೇ ಇಡೀ ಸಂಘ ಬಂದಿತ್ತು. ಹಳೆಯ ಆಟದ ಬಲದಿಂದಲೇ ಕಸ್ತೂರಿ ಅಲ್ಲಿಯ ತನಕ ಬಂದಿದ್ದಳು, ಮೊದಲ ಗೇಮನ್ನೂ ಹೇಗೋ ಗೆದ್ದಳು. ಎರಡನೆಯದು ವಿಮಲಕ್ಕನಿಗೆ ಹೋಯಿತು. ಈ ನಡುವೆ, ಗೆರೆಯ ಮೇಲೆ ಬಿದ್ದದ್ದನ್ನು ಹೊರಗೆ ಎಂದ ಅಂಪೈರಿನ ಜೊತೆ ನಾನು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು. ಕುಲಕರ್ಣಿಯವರು ಎಳೆದು ಕೂರಿಸಿದರು. ನೀರು ಕುಡಿಯಲು ಬಂದ ವಿಮಲಕ್ಕ, "ಎಂತ ಮಾರಾಯ್ರೆ, ಕಸ್ತೂರಿಗೆ ಹುಷಾರಿಲ್ವಾ? ಹೆಸರು ಕೊಡ್ಲಿಕ್ಕೆ ಬಂದ ದಿನ ಇಬ್ಬರೂ ಸ್ವಲ್ಪ ಆಡಿದ್ದೆವು. ಎಷ್ಟು ಮಾತು, ಎಂಥ ಕೈ! ಇವತ್ತು ಬಾಯಿಯೇ ಬಿಡುದಿಲ್ಲ" ಎಂದರು. "ಏಕಾಗ್ರತೆ, ಮೇಡಂ" ಎಂದೆ ಹೆಮ್ಮೆಯಿಂದ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೈದಾನಕ್ಕೆ ವಾಪಸಾದರು.

ಮೂರನೆಯ ಗೇಮು, ಇಬ್ಬರಿಗೂ ಹತ್ತೊಂಬತ್ತು. ಇಪ್ಪತ್ತೊಂದಕ್ಕೆ ಆಟ ಮುಗಿಯುತ್ತದೆ. ವಿಮಲಕ್ಕನ ಕೈಯಲ್ಲಿ ರಿಂಗು. ಕಸ್ತೂರಿ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಳು, ಕಣ್ಣು ಸಣ್ಣದು ಮಾಡಿದಳು. ಬೇವಿನ ಮರದ ಕೆಳಗೆ ಮೊದಲ ದಿನ ಕಂಡ ಮುಖ ಅದು. ಬಾಯಿ ತೆರೆದಳು. "ಬಾ" ಎಂದಳು, ಮೆಲ್ಲಗೆ. ನನಗೆ ಕೇಳಿಸಿತು. ಇನ್ನು ಟವಲು ಬರುತ್ತದೆ ಎಂದು ನನಗೆ ಗೊತ್ತಾಯಿತು. ನನ್ನ ಪಕ್ಕದಲ್ಲಿ ಕುಲಕರ್ಣಿಯವರು, ಅವರಾಚೆ ಇಡೀ ಸಂಘ. ನನ್ನ ಬೆರಳು ತುಟಿಯ ಮೇಲೆ ಹೋಯಿತು. ಆಟಕ್ಕಾಗಿ ಹೋಯಿತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಆಟಕ್ಕಾಗಿ ಅಲ್ಲ. ಅವಳು ನನ್ನನ್ನು ನೋಡಿದಳು, ಬಾಯಿ ಮುಚ್ಚಿದಳು, ಉದ್ದಕ್ಕೆ ಉಸಿರೆಳೆದುಕೊಂಡಳು. ರಿಂಗು ಅವಳ ಕಿವಿಯ ಪಕ್ಕದಿಂದ ಹೋಗಿ ಹಿಂದೆ ಬಿತ್ತು. ಮುಂದಿನದು ಬೆರಳಿಗೆ ತಗುಲಿ ಬಿತ್ತು. ಆಟ ಮುಗಿಯಿತು.

ಆಟೋದಲ್ಲಿ ವಾಪಸು ಬರುವಾಗ ನಾನು ಸುಮ್ಮನಿರಬಹುದಿತ್ತು. "ಕೊನೆಯಲ್ಲಿ ಉಸಿರಿನ ಮೇಲೆ ಗಮನ ಇತ್ತಾ?" ಎಂದು ಕೇಳಿದೆ. ನಾಲಿಗೆ ಕತ್ತರಿಸಿ ಹಾಕಬೇಕು. ಕಸ್ತೂರಿ ಹೊರಗೆ ನೋಡುತ್ತಲೇ, "ಇತ್ತರಿ. ಉಸಿರು ಛಲೋ ಇತ್ತು. ರಿಂಗ್ ಒಂದು ಕಾಣಲಿಲ್ಲ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವಳೇ, "ಬಾಯಿ ಆಡ್ತಿದ್ರ ಕೈ ತಾನ ಕೆಲಸಾ ಮಾಡ್ತಿತ್ರಿ. ಬಾಯಿ ಮುಚ್ಚಿದ ಮ್ಯಾಲೆ ಕೈ ಏನು ಮಾಡಾಕತ್ತೈತಿ ಅಂತ ನಾನ ನೋಡ್ಕೋತ ನಿಂತೆ" ಎಂದಳು. ತಾರ್ನಾಕ ಬಂತು. ಇಳಿಯುವಾಗ ಒಂದೇ ಒಂದು ಪ್ರಶ್ನೆ ಕೇಳಿದಳು. "ನನ್ನ ಆಟಕ್ಕಂತ ಸುಮ್ಮನಿರಿಸಿದ್ರೋ, ನಿಮ್ಮ ಮರ್ಯಾದಿಗಂತ ಸುಮ್ಮನಿರಿಸಿದ್ರೋ?" ನಾನು ಆಟೋದವನ ಹತ್ತಿರ ಚಿಲ್ಲರೆ ಕೇಳುವವನ ಹಾಗೆ ಆ ಕಡೆ ತಿರುಗಿದೆ. ಮದುವೆಗೆ ಮೊದಲಿನ ಫೈನಲ್ಲು ನನಗೆ ಗೊತ್ತಿಲ್ಲದೆ ತಪ್ಪಿದ್ದು. ಇದು ಗೊತ್ತಿದ್ದೂ ತಪ್ಪಿಸಿದ್ದು.

ಬಹುಮಾನವಾಗಿ ಬಂದದ್ದು ಒಂದು ಸ್ಟೀಲಿನ ಊಟದ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದರು: 'ಕಸ್ತೂರಿ, ರಿಂಗ್, ದ್ವಿತೀಯ'. ಹೊಸ ಡಬ್ಬಿ ಸುಮ್ಮನೆ ಯಾಕೆ ಇಡಬೇಕೆಂದು ಅವಳು ಮರುದಿನದಿಂದ ಅದರಲ್ಲೇ ನನಗೆ ಬುತ್ತಿ ಕಟ್ಟಿದಳು. ಬೇಕೆಂದೇ ಮಾಡಿದಳೇನೋ ಎಂದು ಬಹಳ ದಿನ ಅನುಮಾನ ಪಟ್ಟೆ. ಇಲ್ಲ, ಹಳೆಯ ಡಬ್ಬಿಯ ಮುಚ್ಚಳ ನಾನೇ ಕಳೆದುಹಾಕಿದ್ದೆ. ಆಫೀಸಿನಲ್ಲಿ ನನ್ನ ಪಕ್ಕ ಊಟಕ್ಕೆ ಕೂರುವ ತೆಲುಗಿನ ಗೆಳೆಯ ರಾವ್ ಅದನ್ನು ಓದಿದ. ಅವರ ಲಿಪಿಗೂ ನಮ್ಮದಕ್ಕೂ ಅಂಥ ದೂರವೇನಿಲ್ಲ, ದ್ವಿತೀಯ ಎಂಬ ಮಾತು ಅವರಲ್ಲೂ ಅದೇ. "ಫಸ್ಟ್ ಎಂದುಕು ರಾಲೇದು?" ಎಂದು ಕೇಳಿದ. ಮೊದಲನೆಯ ಬಹುಮಾನ ಯಾಕೆ ಬರಲಿಲ್ಲ ಅಂತ. ಎದುರಾಳಿ ಬಹಳ ಚೆನ್ನಾಗಿ ಆಡಿದರು ಎಂದೆ. ಯಾವ ಎದುರಾಳಿ ಎಂದು ಅವನು ಕೇಳಿದ್ದರೆ ನನ್ನನ್ನೇ ತೋರಿಸಬೇಕಾಗುತ್ತಿತ್ತು.

ಮನೆಯಲ್ಲಿ ಇನ್ನೂ ಎರಡು ವಾರ ಟಪ್ ಟಪ್ ಮಾತ್ರ ಕೇಳುತ್ತಿತ್ತು. ನಾನು ಟವಲನ್ನು ಹಗ್ಗದ ಮೇಲೆ ಹಾಕತೊಡಗಿದೆ, ಗ್ಯಾಸನ್ನು ಬೇಕಾಗುವ ಮೊದಲೇ ಬುಕ್ ಮಾಡಿದೆ, ಪೇಪರ್ ಮಡಚಿಟ್ಟು ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂತೆ. ಬೈಯಲಪ್ಪಾ ಎಂದು ದೇವರಲ್ಲಿ ಬೇಡಿಕೊಂಡ ಗಂಡ ಆ ಊರಿನಲ್ಲಿ ನಾನೊಬ್ಬನೇ ಇರಬೇಕು. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ರೊಟ್ಟಿಯ ಸದ್ದಿನ ನಡುವೆ ಅವಳ ದನಿ ಕೇಳಿಸಿತು. ಟವಲಿನದಲ್ಲ, ಗ್ಯಾಸಿನದಲ್ಲ. "ಬೆರಳ ಇಡ್ತಾರ." ಟಪ್. "ತುಟಿ ಮ್ಯಾಲೆ ಬೆರಳ ಇಡ್ತಾರ." ಟಪ್, ಟಪ್. ನಾನು ಕೂತಲ್ಲೇ ಕೂತೆ. ಒಳಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು.

ಆ ಮಧ್ಯಾಹ್ನ ಡಬ್ಬಿ ತೆರೆದೆ. ಮೇಲೆಯೇ ಇತ್ತು, ಅಂಚು ಹರಿಯದ, ಕಾಗದದಷ್ಟು ತೆಳ್ಳಗಿನ ರೊಟ್ಟಿ. ಮುಚ್ಚಳವನ್ನು ಮಗುಚಿಡಬಹುದಿತ್ತು, ಇಡಲಿಲ್ಲ. ರಾವ್ ಏನೋ ಕೇಳಿದ, ನನಗೆ ಕೇಳಿಸಲಿಲ್ಲ. ಎರಡು ಒಣದ್ರಾಕ್ಷಿಯನ್ನು ಗೊತ್ತೇ ಆಗದೆ ನುಂಗಿದವನು, ಆ ರೊಟ್ಟಿಯ ಮೊದಲ ತುತ್ತನ್ನು ಐದು ನಿಮಿಷ ಅಗಿದೆ.