ಬ್ಯಾಂಜೋಗೆ ಗಾಳದ ದಾರ

ಕಲಾವಿದನೆಂದ ಮೇಲೆ ಒಬ್ಬನಾದರೂ ಅಭಿಮಾನಿ ಬೇಕು. ನನಗೂ ಒಬ್ಬನಿದ್ದ. ಅವನನ್ನು ನನ್ನ ಕೈಯಿಂದಲೇ ಓಡಿಸಿದಳು, ನನ್ನ ಹೆಂಡತಿ ರತ್ನಾವತಿ.

ಕುವೈತಿನ ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಯಲ್ಲಿ ನಾನು ಸ್ಟೋರ್‌ಕೀಪರ್. ಅಲ್ಲಿದ್ದ ಅಮೆರಿಕದ ಇಂಜಿನಿಯರ್ ಒಬ್ಬ ಊರಿಗೆ ಮರಳುವಾಗ ತನ್ನ ಬ್ಯಾಂಜೋವನ್ನು ನನ್ನ ಕೈಗಿತ್ತು ಹೋದ. (ಸ್ಟೋರಿನಲ್ಲಿಡಲು ಕೊಟ್ಟನೋ, ನನಗೇ ಕೊಟ್ಟನೋ ಎಂದು ನಾನು ಕೇಳಲು ಹೋಗಲಿಲ್ಲ.) ನಮ್ಮೂರಿನ ಕೀಲಿ ಒತ್ತುವ ಬ್ಯಾಂಜೋ ಅಲ್ಲ ಇದು. ಸಣ್ಣ ತಮಟೆಗೆ ಉದ್ದ ಹಿಡಿ ಸಿಕ್ಕಿಸಿ ಐದು ತಂತಿ ಬಿಗಿದಂತಿದೆ. ಅಮೆರಿಕದ ಗುಡ್ಡಗಾಡಿನವರು ಹಿಂದೆ ಉಗುರಿನಿಂದ ಕೆಳಕ್ಕೆ ಬಡಿದು, ಹೆಬ್ಬೆರಳಿನಿಂದ ಗಿಡ್ಡ ತಂತಿಯನ್ನು ಮೀಟುತ್ತಿದ್ದರಂತೆ. ಯೂಟ್ಯೂಬ್ ಗುರುವಿಗೆ ನಮಿಸಿ ಮಂಗಾಫಿನ ಫ್ಲಾಟಿನಲ್ಲಿ ನಾನೂ ನಾದೋಪಾಸನೆಗೆ ಕೂತೆ. ತಂತಿ ಉಕ್ಕಿನದು. ಮೇಲಿನ ಮನೆಯ ಕಾರ್ಮೆಲಕ್ಕ ಪೊರಕೆಯ ಹಿಡಿಯಿಂದ ನೆಲ ಕುಟ್ಟಿದರು. (ತಾಳ ಹಾಕುತ್ತಿದ್ದಾರೆಂದು ಎರಡು ದಿನ ನಂಬಿದ್ದೆ.)

"ತಗಡು ಕೆರೆದ ಹಾಗೆ ಕೇಳ್ತದೆ ಮಾರಾಯ್ರೆ! ಒಂದೋ ಅದರ ಬಾಯಿ ಮುಚ್ಚಿಸಿ, ಇಲ್ಲ ಕಸದ ಡಬ್ಬಕ್ಕೆ ಹಾಕಿ" ಎಂದಳು ರತ್ನಾವತಿ.

ಹುಡುಕಿದೆ. ಹಳೆಯ ಗುಡ್ಡಗಾಡಿನವರು ಕರುಳಿನ ತಂತಿ ಕಟ್ಟುತ್ತಿದ್ದರಂತೆ, ಈಗ ಕೆಲವರು ನೈಲಾನ್ ಕಟ್ಟುತ್ತಾರಂತೆ. ಶುಕ್ರವಾರ ತಪ್ಪದೆ ಕಡಲಿಗೆ ಗಾಳ ಹಾಕುವ ಕೆಳಮನೆಯ ಶಬೀರ್ ಬಳಿ ಓಡಿದೆ.

"ಸುಂದರಣ್ಣ, ಇದರಲ್ಲಿ ಹತ್ತು ಕಿಲೋದ ಹಮೂರ್ ಮೀನು ಎಳೀಬಹುದು. ರಾಗ ಎಳೀಲಿಕ್ಕೆ ಆಗ್ತದಾ ಗೊತ್ತಿಲ್ಲ" ಎನ್ನುತ್ತಾ ಬೇರೆ ಬೇರೆ ದಪ್ಪದ ಐದು ದಾರ ಕತ್ತರಿಸಿಕೊಟ್ಟರು.

ಒಂದು ವಾರ ದಾರ ಹಿಗ್ಗುತ್ತಲೇ ಇತ್ತು, ನಾನು ಬಿರಡೆ ತಿರುಪುತ್ತಲೇ ಇದ್ದೆ. ಕೊನೆಗೊಮ್ಮೆ ಶ್ರುತಿ ನಿಂತಿತು. ಆಹಾ! ಸಣ್ಣ ಉರಿಯಲ್ಲಿ ಗಂಜಿ ಕುದಿಯುವ ಹಾಗೆ ಮೆತ್ತಗಿನ ಸ್ವರ. ಅಡುಗೆಮನೆಯಲ್ಲಿದ್ದ ರತ್ನಾವತಿಗೆ ಕೇಳಲೇ ಇಲ್ಲ. ಪೊರಕೆಯೂ ಮೌನ ತಾಳಿತು.

ಆಗ ಬಂದ, ನನ್ನ ಸೋದರತ್ತೆಯ ಮಗ ರೋಶನ್. ವಿಸಿಟ್ ವೀಸಾದಲ್ಲಿ ಹದಿನೈದು ದಿನ ಕುವೈತ್ ನೋಡಲು ಬಂದವನು ನೋಡಿದ್ದು ನಮ್ಮ ಸೋಫಾವನ್ನು ಮಾತ್ರ.

"ಬಾವ, ಎಂತ ತಂಪು ಸಂಗೀತ! ನುಡಿಸ್ತಾ ಇರಿ, ಕಣ್ಣು ತನ್ನಷ್ಟಕ್ಕೇ ಮುಚ್ತದೆ."

ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಯಾರೋ ಹೊಗಳಿದ್ದರು. ನುಡಿಸಿದೆ. ಅವನು ಮಲಗಿದ. ಎದ್ದು, "ಅಕ್ಕಾ, ಇನ್ನೆರಡು ನೀರುದೋಸೆ" ಎಂದ. ಮತ್ತೆ ಮಲಗಿದ. ಹೀಗೇ ಒಂದೂವರೆ ತಿಂಗಳಾಯಿತು.

ಒಂದು ಸಂಜೆ ರತ್ನಾವತಿ ಉಕ್ಕಿನ ಹಳೆಯ ತಂತಿಗಳನ್ನು ತಂದು ಮುಂದಿಟ್ಟಳು. "ಇದನ್ನೇ ಹಾಕಿ."

"ಏನು, ಕಲೆಯ ರುಚಿ ಹತ್ತಿತಾ?"

"ನಿಮ್ಮ ಕೈಯಲ್ಲಿ ಎಂತ ಶಕ್ತಿ ಉಂಟು ಅಂತ ನನಗೆ ಈಗ ಗೊತ್ತಾಯ್ತು."

ನಾನು ಹಿರಿಹಿರಿ ಹಿಗ್ಗಿದೆ. ಮರುದಿನ ಬೆಳಿಗ್ಗೆಯೇ ಸೋಫಾದ ಪಕ್ಕ ಕೂತು ಬಡಿದೆ. ರೋಶನ್ ಕಿವಿಗೆ ದಿಂಬು ಒತ್ತಿಕೊಂಡ. ಎರಡನೆಯ ದಿನ, "ಬಾವ, ಆ ಮೊದಲಿನ ದಾರವೇ ಆಗದಾ?" ಎಂದು ಅಂಗಲಾಚಿದ. ನನ್ನ ಕೈ ಅಲ್ಲೇ ನಿಂತಿತು. ಅಡುಗೆಮನೆಯಿಂದ, "ಯಲ್ಲಾ! ಇನ್ನೂ ಜೋರು!" ಎಂದು ಅಪ್ಪಣೆಯಾಯಿತು. ಮೂರನೆಯ ದಿನ ಅವನಿಗೆ ಮಂಗಳೂರಿನ ಟಿಕೆಟ್ ಸಿಕ್ಕಿಬಿಟ್ಟಿತು.

ಏರ್‌ಪೋರ್ಟಿನಲ್ಲಿ ನನ್ನನ್ನು ತಬ್ಬಿಕೊಂಡು, "ನೈಲಾನ್ ಹಾಕಿದ ಮೇಲೆ ಫೋನ್ ಮಾಡಿ ಬಾವ, ಬರ್ತೇನೆ" ಎಂದ. ನನ್ನ ಕಣ್ಣು ಒದ್ದೆಯಾಯಿತು. ಇದ್ದ ಒಬ್ಬ ಅಭಿಮಾನಿಯೂ ವಿಮಾನ ಹತ್ತಿದ.

ಮನೆಗೆ ಬಂದರೆ ರತ್ನಾವತಿ ಗಾಳದ ದಾರ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಖಲಾಸ್. ಮನೆಯಲ್ಲಿ ನುಡಿಸುವಾಗ ಇನ್ನು ಇದನ್ನು ಹಾಕಿ."

ಅಷ್ಟರಲ್ಲಿ ಕಾರ್ಮೆಲಕ್ಕ ಇಳಿದು ಬಂದರು. ಕೈಯಲ್ಲಿ ಪೊರಕೆ ಇರಲಿಲ್ಲ, ಕೇಕಿನ ತಟ್ಟೆ ಇತ್ತು.

"ಸುಂದರಣ್ಣ, ತಂತಿ ಬದಲಿಸ್ಬೇಡಿ! ನನ್ನ ಗಂಡನ ಅಣ್ಣ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುರುವಾರ ಬರ್ತಾರೆ. ಶನಿವಾರ ಒಮ್ಮೆ ನಮ್ಮಲ್ಲಿಗೆ ಬಂದು ನುಡಿಸ್ಬೇಕು."

ನಾನು ಬಾಯಿ ತೆರೆಯುವ ಮೊದಲೇ ರತ್ನಾವತಿ ಕೇಕಿನ ತಟ್ಟೆಯನ್ನು ತೆಗೆದುಕೊಂಡಳು.

"ಭಾನುವಾರ ಕಳಿಸ್ತೇನೆ ಅಕ್ಕ. ಶನಿವಾರ ಶಬೀರ್ ಮನೆಯವರು ಆಗಲೇ ಹೇಳಿ ಇಟ್ಟಿದ್ದಾರೆ."