ಬೆರಳಿಗೆ ತೊಟ್ಟ ನಿಂಬೆಹಣ್ಣು

ದೊಡ್ಡ ಕಾಯಿಲೆ ಬಂದವನಿಗೆ ಒಂದಿಷ್ಟು ಮರ್ಯಾದೆಯಾದರೂ ಸಿಗುತ್ತದೆ. ಉಗುರುಸುತ್ತು ಆದವನಿಗೆ ಅದೂ ಇಲ್ಲ. ಪ್ರಾಣ ಹೋಗುವಷ್ಟು ನೋವು, ನೋಡಿದವರಿಗೆಲ್ಲ ನಗು. ನನಗೆ ಅದು ಬಂದದ್ದು ಬಲಗೈ ತೋರುಬೆರಳಿಗೆ. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಅನ್ನ ಹಾಕುತ್ತಿದ್ದದ್ದೇ ಆ ಬೆರಳು. ಡಾಕ್ಟರು ಒತ್ತಿ ನೋಡಿ, "ಕೀವು ತುಂಬಿದೆ. ನಾಳೆ ಬನ್ನಿ, ಕೊಯ್ದು ಪೆನಿಸಿಲಿನ್ ಚುಚ್ಚೋಣ. ಬಿಟ್ರೆ ಮೂಳೆಗೆ ಇಳಿಯುತ್ತೆ, ಆಮೇಲೆ ಬೆರಳೇ ತೆಗೀಬೇಕಾಗುತ್ತೆ" ಎಂದರು. ಅಲ್ಲಿಂದ ಕೊಡಿಗೇಹಳ್ಳಿಯ ಮನೆಗೆ ಸೈಕಲ್ಲು ತುಳಿದದ್ದು ಹೇಗೋ ನನಗೇ ತಿಳಿಯದು.

ಪಕ್ಕದ ಮನೆಯ ಅಜ್ಜಿ ಮುನಿಯಮ್ಮನವರು, "ಕೊಯ್ಯೋದ್ಯಾಕೆ ಸ್ವಾಮಿ? ನಿಂಬೆಅಣ್ಣಿಗೆ ತೂತು ಮಾಡಿ, ಅರಿಸ್ನ ಉಪ್ಪು ತುಂಬಿ ಬೆರಳಿಗೆ ಸಿಕ್ಕಿಸ್ಕೊಳಿ. ಅದೇ ಒಡ್ಕೊಂಡ್ ಓಯ್ತದೆ" ಎಂದರು. ಕೊಯ್ಯುವುದಿಲ್ಲವೆಂದ ಮೇಲೆ ನನಗೆ ಅದಕ್ಕಿಂತ ದೊಡ್ಡ ವೈದ್ಯವಿಲ್ಲ. ಮರುದಿನ ಡಾಕ್ಟರ ಬೀದಿ ತಪ್ಪಿಸಿ, ಬೆರಳಿಗೆ ನಿಂಬೆಹಣ್ಣು ತೊಟ್ಟು ಕಚೇರಿಗೆ ಹೋದೆ. ಅಲ್ಲಿ ನಂಜಪ್ಪ ಎಂಬ ಗುಮಾಸ್ತ ತನ್ನ ಮನೆಮುಂದೆ ಯಾರೋ ಮಾಟದ ನಿಂಬೆಹಣ್ಣು ಇಟ್ಟಿದ್ದಾರೆಂದು ನಡುಗುತ್ತಿದ್ದ. "ಒಂದು ಹಣ್ಣಿಗೆ ಹೆದರ್ತೀಯಲ್ಲೋ, ಪಾನಕ ಮಾಡ್ಕೊಂಡು ಕುಡಿ" ಎಂದು ಬುದ್ಧಿ ಹೇಳಿದೆ.

ಸಂಜೆಯ ಹೊತ್ತಿಗೆ ಬೆರಳು ಮರಗಟ್ಟಿತ್ತು. ಮನೆಗೆ ಬಂದು, ಗೇಟಿನ ಚಿಲಕ ಹಾಕಿ, ಸೈಕಲ್ಲು ಗೋಡೆಗೊರಗಿಸಿ ತಿರುಗಿದರೆ ಎದೆ ಧಸಕ್ಕೆಂದಿತು. ಗೇಟಿನ ಬುಡದಲ್ಲಿ ನಿಂಬೆಹಣ್ಣು! ಮೈಯೆಲ್ಲ ಅರಿಶಿನ, ನಡುವೆ ತೂತು, ತೂತಿನ ಅಂಚಿಗೆ ರಕ್ತದ ಕಲೆ. ನಾನು ಬರುವಾಗ ಅದು ಅಲ್ಲಿರಲಿಲ್ಲ. ಚಿಲಕ ಹಾಕಿ ಬರುವಷ್ಟರಲ್ಲಿ ಯಾರೋ ಇಟ್ಟು ಮಾಯವಾಗಿದ್ದಾರೆ. ಹಿಂದಕ್ಕೆ ಹಾರಿದ ರಭಸಕ್ಕೆ ಬಲಗೈ ಕಲ್ಲುಕಂಬಕ್ಕೆ ಬಡಿಯಿತು, ಅದರ ಪರಿವೆಯೂ ನನಗಿರಲಿಲ್ಲ.

"ಕಮಲಾ, ಯಾರೋ ನಮಗೆ ಮಾಟ ಮಾಡಿಸಿದಾರೆ. ಅಗೋ ನೋಡು" ಎಂದು ಹೆಂಡತಿಯನ್ನು ಕರೆದು ಬೆರಳು ಮಾಡಿ ತೋರಿಸಿದೆ. ಅವಳು ಹಣ್ಣನ್ನು ನೋಡಲೇ ಇಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದಳು. ಅದು ಬೋಳಾಗಿತ್ತು. ಒಡೆದ ಕೀವು ಅಂಗೈಗೆ ಇಳಿಯುತ್ತಿತ್ತು.

"ಅದು ನಿಮ್ಮದೇ ಕಣ್ರೀ" ಎಂದಳು.

ಮರುದಿನ ಡಾಕ್ಟರು ಇನ್ನು ಕೊಯ್ಯಬೇಕಾಗಿಲ್ಲ ಎಂದರು, ಚುಚ್ಚುವುದನ್ನು ಮಾತ್ರ ಬಿಡಲಿಲ್ಲ. ಬೆರಳು ಉಳಿಯಿತು. ನಿಂಬೆಹಣ್ಣಿನಿಂದಲೇ ವಾಸಿಯಾಯಿತು ಎನ್ನುವ ಮುನಿಯಮ್ಮನವರಿಗೆ ನಾನು ಎದುರಾಡುವುದಿಲ್ಲ, ಒಂದು ಲೆಕ್ಕಕ್ಕೆ ಅದು ನಿಜವೇ. ಆದರೆ ಆ ಸಂಜೆ ಕಮಲಾ, "ಸರಿ, ನಿಮ್ಮ ಹಣ್ಣು ನೀವೇ ಎತ್ತಿ ತಿಪ್ಪೆಗೆ ಹಾಕಿ" ಎಂದಾಗ ನಾನು ಬಗ್ಗಿದೆ, ಎಡಗೈ ಚಾಚಿದೆ, ಹಾಗೇ ನಿಂತೆ.

"ಆ ಪೊರಕೆ ಕೊಡೇ, ಯಾಕೆ ಸುಮ್ಮನೆ" ಎಂದೆ.