ಅಳಿಯಂದಿರ ಬೈಕೂ ನನ್ನ ಮಾಸ್ಟರ್ ಸಿಲಿಂಡರೂ

ಮೂರೇ ಮೂರು ಬೋಲ್ಟು. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಹ್ಯಾಂಡಲ್ಲಿಗೆ ಎರಡು, ಎಣ್ಣೆಯ ಪೈಪಿಗೆ ಒಂದು. ಇಷ್ಟು ಕೆಲಸಕ್ಕೆ ಮೆಕ್ಯಾನಿಕ್ಕನ್ನು ಕರೆಯುವುದು ಹೈಸ್ಕೂಲಿನ ವಿಜ್ಞಾನ ಶಿಕ್ಷಕನ ಘನತೆಗೆ ತಕ್ಕುದಲ್ಲ ಎಂದು ನಾನು ತೀರ್ಮಾನಿಸಿದ್ದು ಒಂದು ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ. ನನ್ನ ಜೀವನದ ತಪ್ಪು ತೀರ್ಮಾನಗಳೆಲ್ಲ ಊಟವಾದ ಮೇಲೆಯೇ ಆಗಿವೆ.

ಬೈಕು ನನ್ನದಲ್ಲ, ಅಳಿಯಂದಿರದು. ಗಂಗಾವತಿಯಲ್ಲಿ ನೌಕರಿಯಲ್ಲಿರುವ ಅವರು ಹದಿನೈದು ದಿನದ ತರಬೇತಿಗೆ ಹೋಗುವಾಗ ಅದನ್ನು ಕುಷ್ಟಗಿಯ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದರು. ಮುಂದೆ ಬಗ್ಗಿ, ಹಿಂದೆ ಎತ್ತಿಕೊಂಡು, ಸದಾ ಯಾರನ್ನೋ ಹಾಯಲು ಹೊರಟ ಹೋರಿಯಂತೆ ನಿಂತಿರುವ ರೇಸಿನ ಬೈಕು. ಕೆಂಪು ಟ್ಯಾಂಕು. ಅಳಿಯಂದಿರು ಅದನ್ನು ಒರೆಸುವ ಚೆಂದ ನೋಡಿ ನನ್ನ ಹೆಂಡತಿ ಗಿರಿಜಾ, "ಇಷ್ಟು ಪ್ರೀತಿಲೆ ನಮ್ಮ ಮಗಳನ್ನ ನೋಡ್ಕೊಂಡ್ರ ಸಾಕ್ರಿ" ಎಂದಿದ್ದಳು.

ಹೊರಡುವಾಗ ಅಳಿಯಂದಿರು ಹೇಳಿದ್ದು ಇಷ್ಟು: "ಮಾವಾರ, ಮುಂದಿನ ಬ್ರೇಕ್ ಭಾಳ ಮೆತ್ತಗಾಗೇತ್ರಿ. ದೊಡ್ಡ ಮಾಸ್ಟರ್ ಸಿಲಿಂಡರ್ ತರಿಸೀನಿ, ಈ ಡಬ್ಬ್ಯಾಗ ಐತಿ. ಐತವಾರ ಬಂದು ಮೆಕ್ಯಾನಿಕ್ ದಾದಾಪೀರನ ಕಡೆ ಹಾಕಸ್ತೀನ್ರಿ."

ಮದುವೆಯಾಗಿ ಒಂದು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಅತಿ ದೀರ್ಘ ಮಾತು ಇದೇ. ಉಳಿದಂತೆ "ಹೂಂರಿ ಮಾವಾರ", "ಸಾಕ್ರಿ ಮಾವಾರ" ಅಷ್ಟೇ. ಎರಡನೆಯದು ಊಟದ ಹೊತ್ತಿನಲ್ಲಿ ಮಾತ್ರ. ನಮ್ಮಿಬ್ಬರ ನಡುವೆ ಮಾತಿಗೆ ಒಂದು ದಾರಿ ಬೇಕಿತ್ತು. ಅದು ಈ ಡಬ್ಬಿಯಲ್ಲೇ ಇದೆ ಎಂದು ನನಗೆ ಹೊಳೆಯಿತು. ಅವರು ಬರುವಷ್ಟರಲ್ಲಿ ನಾನೇ ಹಾಕಿಟ್ಟರೆ? ಅಳಿಯ ಮಾವನನ್ನು ಸಿಲಿಂಡರಿನ ವಿಷಯವಾಗಿ ನಾಲ್ಕು ಮಾತು ಕೇಳದೆ ಇರುತ್ತಾನೆಯೇ?

ತಿಳಿಯದವರಿಗಾಗಿ ಹೇಳುತ್ತೇನೆ. ಮಾಸ್ಟರ್ ಸಿಲಿಂಡರ್ ಎಂದರೆ ಬ್ರೇಕ್ ಲಿವರಿನ ಬುಡದಲ್ಲಿರುವ ಒಂದು ಪುಟ್ಟ ಪಂಪು. ಲಿವರ್ ಒತ್ತಿದರೆ ಅದು ಎಣ್ಣೆಯನ್ನು ಪೈಪಿನೊಳಗೆ ನೂಕುತ್ತದೆ, ಎಣ್ಣೆ ಹೋಗಿ ಗಾಲಿಯನ್ನು ಹಿಡಿಸುತ್ತದೆ. ದ್ರವಗಳ ಒತ್ತಡದ ಈ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೇನೆಂದರೆ, ಪುಸ್ತಕ ಮುಚ್ಚಿಕೊಂಡು ಹೇಳಬಲ್ಲೆ. ಪುಸ್ತಕದಲ್ಲಿ ಎಣ್ಣೆ ಚೆಲ್ಲುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಪೈಪಿನ ಬೋಲ್ಟು ಬಿಚ್ಚಿದೆ. ಎಣ್ಣೆ ಟ್ಯಾಂಕಿನ ಮೇಲೆ ಚೆಲ್ಲಿತು. ಗಾಬರಿಯಾಗಲಿಲ್ಲ. ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆಂಬುದು ಯಾರಿಗೆ ಗೊತ್ತಿಲ್ಲ! ಒಂದು ಬಟ್ಟೆ ತೆಗೆದುಕೊಂಡು ಇಡೀ ಟ್ಯಾಂಕಿಗೆ ತಿಕ್ಕಿದೆ. ಫಳಫಳ ಎಂದಿತು. ಇದೂ ಒಂದು ಉಪಕಾರ ಎಂದುಕೊಂಡೆ.

ಹೊಸ ಸಿಲಿಂಡರ್ ಕೂರಿಸಿ, ಎಣ್ಣೆ ತುಂಬಿ, ಲಿವರ್ ಒತ್ತಿದೆ. ಬೆಣ್ಣೆ! ಲಿವರ್ ಹ್ಯಾಂಡಲ್ಲಿಗೆ ಹೋಗಿ ಒರಗಿತು. ಪೈಪಿನೊಳಗೆ ಗಾಳಿ ಸೇರಿದೆ, ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರದ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಗಿರಿಜಾಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ.

"ಹಿಡಿ!"

"ಹಿಡದ್ನಿ."

"ಬಿಡು!"

"ಬಿಟ್ಟ್ನಿ. ಗುಳ್ಳಿ ಬಂದ್ವೇನ್ರಿ?"

"ಬಂದ್ವು. ಹಿಡಿ!"

ಗುಳ್ಳೆ ಬಂದವು. ಬರುತ್ತಲೇ ಇದ್ದವು. ಒಂದು ತಾಸಾದರೂ ಬರುತ್ತಿದ್ದವು. ಎರಡು ಮೊಳ ಉದ್ದದ ಪೈಪಿನಲ್ಲಿ ಇಷ್ಟು ಗಾಳಿ ಎಲ್ಲಿಂದ ಬಂತೆಂದು ವಿಜ್ಞಾನ ಶಿಕ್ಷಕನಿಗೆ ತಿಳಿಯಲಿಲ್ಲ.

"ಅಲ್ಲಿ ಒಲಿ ಮ್ಯಾಲೆ ಬ್ಯಾಳಿ ಹೊತ್ತಾಕತ್ತೈತಿ, ಇಲ್ಲಿ ನಾ ಹಿಡಿ ಬಿಡು ಆಡಾಕತ್ತೀನಿ. ದಾದಾಪೀರಗ ಒಂದು ಫೋನ್ ಹಚ್ಚಿದ್ರ ನಿಮ್ಮ ಗಂಟೇನ್ ಹೋಗತೈತ್ರಿ?" ಎಂದಳು ಗಿರಿಜಾ.

ಹಚ್ಚಿದೆ. ಆದರೆ ಘನತೆ ಕಾಪಾಡಿಕೊಂಡು ಹಚ್ಚಿದೆ. "ದಾದಾಪೀರ್, ನಮ್ಮ ಪರಿಚಯದವ್ರೊಬ್ರು ಮನ್ಯಾಗ ಬ್ರೇಕಿನ ಗಾಳಿ ತಗ್ಯಾಕತ್ತಾರ, ಹೋಗವಲ್ದಂತ."

"ಲಿವರ್ ಯಾವಾಗ ಬಿಡಸ್ತಾರ್ರಿ ಸರ್?"

"ನಟ್ಟು ಸಡ್ಲಿದ್ದಾಗನ."

"ಅಯ್ಯ! ನಟ್ಟು ಬಿಗಿ ಮಾಡಿದ ಮ್ಯಾಲೆ ಬಿಡ್ಬೇಕ್ರಿ. ಇಲ್ಲಂದ್ರ ಹ್ವಾದ ಗಾಳಿ ತಿರುಗಿ ಒಳಗ ಬರತೈತಿ. ಅದನ್ನ ಮಾಡಿ, ಸಂಜಿಗೆ ಲಿವರ್ ಪೂರಾ ಒತ್ತಿ ಹ್ಯಾಂಡಲ್ಲಿಗೆ ಬಟ್ಟಿಲೆ ಬಿಗದು ಕಟ್ಟಿಬಿಡಾಕ ಹೇಳ್ರಿ. ಉಳಿದಿದ್ದು ಮುಂಜಾನಿ ಮಟ ತಾನ ಮ್ಯಾಲೆ ಬರತೈತಿ."

"ಹೇಳ್ತೀನಿ."

"ಮತ್ತ ಸರ್, ಆ ಎಣ್ಣಿ ಟ್ಯಾಂಕಿನ ಮ್ಯಾಲೆ ಒಂದು ಹನಿ ಬೀಳಬಾರ್ದಂತ ಹೇಳ್ರಿ. ಬಣ್ಣಾ ತಿಂತೈತಿ."

ನಾನು ನಿಧಾನಕ್ಕೆ ತಿರುಗಿ ನೋಡಿದೆ. ಗಿರಿಜಾ ನನಗಿಂತ ಮೊದಲೇ ನೋಡಿದ್ದಳು.

"ರೀ, ಟ್ಯಾಂಕು ಹಪ್ಪಳ ಕರದಂಗ ಉಬ್ಬೇತಲ್ರಿ!"

ಸಾಬೂನಿನ ನೀರಿನಿಂದ ತೊಳೆದೆ. ತೊಳೆದಲ್ಲಿ ಬಣ್ಣ ಸುಲಿದು ಕೈಗೆ ಬಂತು. ಕೊನೆಗೆ ಶಾಲೆಯಲ್ಲಿ ನನಗೆ ಹೊದಿಸಿದ್ದ ಸನ್ಮಾನದ ಶಾಲು ತಂದು ಟ್ಯಾಂಕಿಗೆ ಹೊದಿಸಿದೆ. ಬ್ರೇಕ್ ಗಟ್ಟಿಯಾದರೆ ಬಣ್ಣದ ಮಾತನ್ನು ಆಮೇಲೆ ಮೆಲ್ಲಗೆ ತೆಗೆಯಬಹುದು ಎಂಬುದು ನನ್ನ ಲೆಕ್ಕ. ದಾದಾಪೀರ್ ಹೇಳಿದಂತೆ ಇನ್ನೊಮ್ಮೆ ಗಾಳಿ ತೆಗೆದು, ಸಂಜೆ ಲಿವರನ್ನು ಪೂರಾ ಒತ್ತಿ, ಕೈಗೆ ಸಿಕ್ಕ ಬಟ್ಟೆಯಿಂದ ಬಿಗಿದು ಕಟ್ಟಿದೆ. ಕೈಗೆ ಸಿಕ್ಕಿದ್ದು ಗಿರಿಜಾ ಕುಪ್ಪಸಕ್ಕೆಂದು ತೆಗೆದಿಟ್ಟಿದ್ದ ಹಸಿರು ಖಣ.

ಮರುದಿನ ಐತವಾರ, ಅಮಾವಾಸ್ಯೆ. ನಾನು ಜಳಕ ಮುಗಿಸಿ ಬರುವಷ್ಟರಲ್ಲಿ ಗಿರಿಜಾ ಬೈಕಿನ ಪೂಜೆ ಮುಗಿಸಿದ್ದಳು. ಗಾಲಿಗೆ ಲಿಂಬೆಹಣ್ಣು, ಗಾಜಿಗೆ ಕುಂಕುಮ, ಹ್ಯಾಂಡಲ್ಲಿಗೆ ತೋಳಿನಷ್ಟು ದಪ್ಪದ ಸೇವಂತಿಗೆ ಮಾಲೆ ನಾಲ್ಕು ಸುತ್ತು. ಖಣ ಕಾಣಲಿಲ್ಲ. ಬಿಚ್ಚಿ ತನ್ನ ಪೆಟ್ಟಿಗೆಗೆ ಸೇರಿಸಿರಬೇಕು ಎಂದುಕೊಂಡೆ. ಹೆಂಗಸರು ಖಣ ಹೊರಗೆ ಬಿಡುವುದುಂಟೆ?

ಹೂವಿನ ಮೇಲಿಂದಲೇ ಲಿವರ್ ಮುಟ್ಟಿ ನೋಡಿದೆ. ಕಲ್ಲು! ನನ್ನ ಎದೆಯೂ ಟ್ಯಾಂಕಿನಂತೆ ಉಬ್ಬಿತು. ಬೈಕನ್ನು ಮುಂದೆ ನೂಕಿದೆ. ಬರಲಿಲ್ಲ. ಹಿಂದೆ ಜಗ್ಗಿದೆ. ಅಲುಗಲಿಲ್ಲ. ಮೊದಲು ಬ್ರೇಕ್ ಹಿಡಿಯುತ್ತಿರಲಿಲ್ಲ, ಈಗ ಹಿಡಿದದ್ದು ಬಿಡುತ್ತಿಲ್ಲ! ಸಿಲಿಂಡರ್ ದೊಡ್ಡದಾಯಿತೋ, ಎಣ್ಣೆ ಹೆಚ್ಚಾಯಿತೋ, ನನ್ನ ವಿದ್ಯೆ ಕಡಿಮೆಯಾಯಿತೋ ಒಂದೂ ತಿಳಿಯಲಿಲ್ಲ. ಅಳಿಯಂದಿರ ಬಸ್ಸು ಹನ್ನೊಂದಕ್ಕೆ. ಗಂಟೆ ಹತ್ತೂವರೆ. ಅಷ್ಟರೊಳಗೆ ಬೈಕನ್ನು ದಾದಾಪೀರನಿಗೆ ಮುಟ್ಟಿಸಲೇಬೇಕು.

ಪಕ್ಕದ ಮನೆಯ ಸೋಮಪ್ಪ ಬಂದು ಗಾಲಿಗೆ ಎರಡು ಸಲ ಒದ್ದು ಪರೀಕ್ಷಿಸಿದ. "ಸರ್, ಇದು ಉರುಳೂದಿಲ್ಲ. ಎತ್ಕೊಂಡ ಹೋಗೂದು." ಅವನೂ ಅವನ ತಮ್ಮನೂ ಮುಂದಿನ ಗಾಲಿಯನ್ನು ನೆಲಬಿಟ್ಟು ಎತ್ತಿದರು, ನಾನು ಹಿಂದಿನಿಂದ ನೂಕಿದೆ. ಮೈತುಂಬ ಶಾಲು, ಕೊರಳತುಂಬ ಹೂವು, ಹೊತ್ತವರು ಇಬ್ಬರು, ಹಿಂದೆ ತಲೆತಗ್ಗಿಸಿಕೊಂಡು ನಾನು. ದಾರಿಯಲ್ಲಿ ಒಬ್ಬಾಕೆ ಚಪ್ಪಲಿ ಬಿಟ್ಟು ಕೈಮುಗಿದಳು. ಕಿರಾಣಿ ಅಂಗಡಿಯವನು ತಕ್ಕಡಿ ಕೆಳಗಿಟ್ಟು ಮೆಲ್ಲಗೆ, "ಸರ್, ಯಾರು ಹ್ವಾದ್ರಿ?" ಎಂದ.

ದಾದಾಪೀರನ ಗ್ಯಾರೇಜು ಬಸ್‌ಸ್ಟ್ಯಾಂಡಿನ ಎದುರಿಗೆ. ನಾವು ಮುಟ್ಟುವುದಕ್ಕೂ ಗಂಗಾವತಿ ಬಸ್ಸು ಬರುವುದಕ್ಕೂ ಸರಿಹೋಯಿತು. ಅಂದು ಬಸ್ಸು ಬೇಗ ಬಂದಿತ್ತು! ಅಳಿಯಂದಿರು ಇಳಿದು ನಮ್ಮ ಮೆರವಣಿಗೆ ನೋಡಿ ನಿಂತಲ್ಲೇ ಬೆಳ್ಳಗಾದರು.

"ಮಾವಾರ... ಮನ್ಯಾಗ ಎಲ್ಲಾರೂ ಆರಾಮದಾರಿಲ್ರಿ?"

"ಆರಾಮದಾರ್ರಿ. ಬ್ರೇಕ್ ಛಲೋ ಆಗೇತಿ ನೋಡ್ರಿ," ಎಂದೆ.

ದಾದಾಪೀರ್ ಬೈಕಿನ ಸುತ್ತ ಒಂದು ಸುತ್ತು ಹಾಕಿದ. ಸ್ಪ್ಯಾನರ್ ಮುಟ್ಟಲಿಲ್ಲ. ಸೇವಂತಿಗೆಯನ್ನು ಒಂದು ಬೆರಳಿನಿಂದ ಸರಿಸಿದ. ಕೆಳಗೆ ಹಸಿರು ಖಣ ಇತ್ತು, ಮೇಲೆ ಅರಿಷಿಣ ಕುಂಕುಮ. ಹಾಗೆಯೇ ಇತ್ತು! ನಾನು ಏನೋ ಹರಕೆ ಕಟ್ಟಿದ್ದೇನೆಂದು ಗಿರಿಜಾ ಅದನ್ನು ಬಿಚ್ಚದೆ, ಅದಕ್ಕೂ ಪೂಜೆ ಮಾಡಿ, ಅದರ ಮೇಲೆಯೇ ಮಾಲೆ ಸುತ್ತಿದ್ದಳು.

ದಾದಾಪೀರ್ ಗಂಟು ಬಿಚ್ಚಿದ. ಲಿವರ್ ಹೊರಗೆ ಬಂತು, ಗಾಲಿ ಗಿರ್ರನೆ ತಿರುಗಿತು. "ಕೆಲ್ಸಾ ಸರಿ ಐತ್ರಿ ಸರ್," ಎಂದ. "ನಿಮ್ಮ ಪರಿಚಯದವ್ರು ಗಂಟು ಒಂದು ಬಿಚ್ಚೂದ ಮರ್ತಾರ."

ಆಗ ಗಾಳಿ ಬೀಸಿ ಶಾಲು ಜಾರಿತು. ಅಳಿಯಂದಿರು ಟ್ಯಾಂಕನ್ನು ನೋಡಿದರು. ಬೆರಳಿಂದ ಮುಟ್ಟಿದರು. ಕೆಂಪು ಬಣ್ಣದ ಒಂದು ಹೆಕ್ಕಳಿಕೆ ಬೆರಳಿಗೆ ಅಂಟಿಕೊಂಡು ಬಂತು. ಅದನ್ನೂ ಸ್ವಲ್ಪ ಹೊತ್ತು ನೋಡಿದರು. ಮಾವ ಎಂಬ ಪದವಿಗೆ ನಮ್ಮ ಸೀಮೆಯಲ್ಲಿ ಎಷ್ಟು ಮರ್ಯಾದೆ ಇದೆ ಎಂಬುದು ನನಗೆ ಆ ದಿನ ತಿಳಿಯಿತು. ಅವರು ಹೇಳಿದ್ದು, "ಇರ್ಲಿ ಬಿಡ್ರಿ" ಎಂದಷ್ಟೇ.

ಟ್ಯಾಂಕಿಗೆ ಮತ್ತೆ ಬಣ್ಣವಾಗಿದೆಯಂತೆ. ಮಗಳು ಹೇಳಿದಳು, ನಾನು ನೋಡಿಲ್ಲ. ಈಗ ಅಳಿಯಂದಿರು ಬಂದಾಗ ನಮ್ಮ ಅಂಗಳದಲ್ಲಿ ಬೈಕು ಇರುವುದಿಲ್ಲ. "ಬಸ್ಸಿಗೆ ಬಂದ್ನಿರಿ ಮಾವಾರ" ಎನ್ನುತ್ತಾರೆ. ಮೊನ್ನೆಯೂ ಹಾಗೆಯೇ ಅಂದರು.

ಬಸ್ಸಿಗೆ ಬಂದವರ ಕೈಯಲ್ಲಿ ಹೆಲ್ಮೆಟ್ ಯಾಕಿತ್ತು ಎಂದು ನಾನು ಕೇಳಲಿಲ್ಲ.